ಬಾಗಿಲು ಕೇಳುವ ಪದ

ನಮ್ಮೂರಲ್ಲಿ ಯಾರೂ ಯಾರನ್ನೂ ‘ಒಳಗೆ ಬಾ’ ಎಂದು ಕರೆಯುವುದಿಲ್ಲ. ಕರೆದು ಪ್ರಯೋಜನವೂ ಇಲ್ಲ. ಬಂದವರು ಹೊಸ್ತಿಲ ಮುಂದೆ ನಿಂತು, ಆ ಮನೆಯಲ್ಲಿರುವ ಯಾರಾದರೊಬ್ಬರಿಗೆ ತಾವೇನಾಗಬೇಕು ಎಂಬುದನ್ನು ಒಂದೇ ಪದದಲ್ಲಿ ಹೇಳಬೇಕು. ಪದ ನಿಜವಾಗಿದ್ದರೆ ಚಿಲಕ ತಾನಾಗಿ ಸರಿಯುತ್ತದೆ. ಇಲ್ಲದಿದ್ದರೆ ಒಳಗಿನವರು ಎಳೆದರೂ ಹೊರಗಿನವರು ನೂಕಿದರೂ ಬಾಗಿಲು ಕದಲುವುದಿಲ್ಲ. ಹತ್ತಿರದ ಪದವೊಂದು ಇರುವಾಗ ದೂರದ ಪದ ಹೇಳಿ ನುಸುಳುವುದೂ ಆಗದು. ಅಪ್ಪನ ಮೇಲೆ ಮುನಿಸಿಕೊಂಡು ಊರು ಬಿಟ್ಟಿದ್ದ ಕಂಬಾರರ ಹುಡುಗ ತಿರುಗಿ ಬಂದಾಗ ಬಿಗುಮಾನಕ್ಕೆ ‘ನೆಂಟ’ ಅಂದ. ಬಿಸಿಲಲ್ಲಿ ಬೆವರು ಸುರಿಸುತ್ತ ನಿಂತು, ಕೊನೆಗೆ ನೆಲ ನೋಡುತ್ತ ‘ಮಗ’ ಅಂದ ಮೇಲೆಯೇ ಅವನಿಗೆ ಕುಡಿಯಲು ನೀರು ಸಿಕ್ಕಿದ್ದು.

ಇದರ ಜೊತೆಗೆ ಇನ್ನೊಂದು ಪೇಚು ಇದೆ. ಯಾವ ಪದ ಹೇಳಿ ಒಳಗೆ ಹೋಗುತ್ತೀರೋ, ಒಳಗಿರುವಷ್ಟು ಹೊತ್ತು ನೀವು ಅದೇ. ಬೀಗತಿಯಾಗಿ ಹೋದವಳು ಹೋಳಿಗೆ ಎಷ್ಟೇ ಚೆನ್ನಾಗಿರಲಿ, ಮೂಗು ಮುರಿಯದೆ ತಿನ್ನಲಾರಳು. ಅಳಿಯ ಮಂಚದ ಮೇಲೆ ಕೂತ ಕೂಡಲೇ ಮುಖ ಊದಿಸುತ್ತಾನೆ. ಹೊರಗೆ ಬಂದ ಮೇಲೆ ಯಾಕೆ ಊದಿಸಿದೆ ಎಂದು ಕೇಳಿದರೆ ಅವನಿಗೂ ಗೊತ್ತಿರುವುದಿಲ್ಲ. ಇದೆಲ್ಲ ನಗುವ ಮಾತು. ಆದರೆ ಹೊಲ ಪಾಲಾದ ಮೇಲೆ ಬಸಲಿಂಗ ಎಂಬವನು, ತನಗೆ ಜೀವಕ್ಕೆ ಜೀವವಾಗಿದ್ದ ಚಿಕ್ಕಪ್ಪನ ಮಗನ ಮನೆಗೆ ತೊಲೆ ಸರಿಮಾಡಲು ಹೋದ. ಅವನಿಗೆ ಉಳಿದಿದ್ದ ಪದ ‘ದಾಯಾದಿ’. ಒಳಗೆ ಹೋದವನು ತೊಲೆಗೆ ಆಸರೆ ಕೊಡುವ ಬದಲು ಕಂಬಕ್ಕೆ ಕೊಡಲಿ ಹಾಕಿದ. ಆಮೇಲೆ ಬೀದಿಯ ಧೂಳಲ್ಲಿ ಕೂತು ಎದೆ ಬಡಿದುಕೊಂಡು ಅತ್ತದ್ದನ್ನು ನಾನೇ ನೋಡಿದ್ದೇನೆ. ಹಾಗಾಗಿ ನಮ್ಮೂರಿನ ಅರ್ಧ ಬದುಕು ನಡೆಯುವುದು ಜಗಲಿಗಳ ಮೇಲೆ. ಪದ ಇಲ್ಲದವರಿಗೂ ಕೆಟ್ಟ ಪದ ಇರುವವರಿಗೂ ಅದೇ ಜಾಗ.

ನಾನು ಮತ್ತು ಸಾವಂತ್ರಿ ಜಗಲಿಯವರು. ನನ್ನ ಹೆಸರು ಚಂಪವ್ವ, ಕೌದಿ ಹೊಲಿಯುವುದು ನನ್ನ ಕಸುಬು. ನನಗೊಬ್ಬ ಗಂಡನಿದ್ದ, ಫಕೀರಪ್ಪ ಅಂತ. ಅವನು ನನ್ನನ್ನು ಬಿಟ್ಟು, ಮೂರು ಓಣಿ ಆಚೆ ಸಾವಂತ್ರಿಯನ್ನು ಕಟ್ಟಿಕೊಂಡು ಅವಳ ಮನೆ ಸೇರಿದ. ಅವಳಿಗೆ ತಿಂಗಳು ನಿಂತದ್ದು ಗೊತ್ತಾದ ಮೇಲೆ ಅವಳನ್ನೂ ಬಿಟ್ಟು ಹೊಳೆಯಾಚೆ ಹೋದ. ಅಲ್ಲಿ ಯಾವ ಬಾಗಿಲಿಗೆ ಯಾವ ಪದ ಹೇಳಿ ಒಳಗೆ ಸೇರಿಕೊಂಡನೋ, ದೇವರೇ ಬಲ್ಲ. ಅವನು ಹೋದ ವಾರಕ್ಕೆ ಈ ಹುಡುಗಿ ಒಂದು ಗಂಟು ಹೊತ್ತು ನನ್ನ ಜಗಲಿಗೆ ಬಂದಳು. ಬಿಚ್ಚಿದರೆ ಅವನ ಹಳೆಯ ಧೋತರ, ಅಂಗಿ.

“ಇವು ನಿಮ್ಮವು” ಅಂದಳು.

“ನನಗ್ಯಾಕ ಬೇಕು ಆ ಕೊಳೀ? ಕತ್ತರಿ ತಗೋ, ಕೂಡು” ಅಂದೆ.

ಇಬ್ಬರೂ ಸೇರಿ ಅವನ ಬಟ್ಟೆಯನ್ನು ಚೂರು ಚೂರು ಮಾಡಿ ಕೌದಿ ಹೊಲಿದೆವು. ಅಷ್ಟು ಹಗುರಾದ ದಿನ ನನ್ನ ಬಾಳಿನಲ್ಲಿ ಬೇರೊಂದಿಲ್ಲ. ಅಂದಿನಿಂದ ದಿನಾ ಅವಳ ಜಗಲಿಯಲ್ಲೋ ನನ್ನ ಜಗಲಿಯಲ್ಲೋ ಹೊಲಿಗೆ, ಊಟ, ಹರಟೆ. ಅವಳಿಗೆ ತಾಯಿ ಇರಲಿಲ್ಲ, ನನಗೆ ಮಕ್ಕಳಾಗಿರಲಿಲ್ಲ. ಅವಳು ನನ್ನನ್ನು ಅಕ್ಕ ಅನ್ನುತ್ತಿದ್ದಳು. ಬಸುರಿನ ವಾಂತಿಯಲ್ಲಿ ಏಳಲಾಗದೆ ಅವಳು ಒಳಗೆ ಬಿದ್ದಿದ್ದಾಗ ನಾನು ಬಾಗಿಲ ಮುಂದೆ ನಿಂತು ಅಕ್ಕ ಅಂದೆ, ಗೆಳತಿ ಅಂದೆ, ಜೊತೆಗಾರ್ತಿ ಅಂದೆ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಅದಕ್ಕೆ ಬೇಕಾಗಿದ್ದ ಪದ ಯಾವುದೆಂದು ನನಗೆ ಗೊತ್ತಿತ್ತು, ಅದನ್ನು ಮಾತ್ರ ಹೇಳಲಿಲ್ಲ. ಗಂಜಿಯನ್ನು ಹೊಸ್ತಿಲಲ್ಲಿಟ್ಟು ಬಂದೆ.

ಹೆರಿಗೆಯ ನೋವು ಶುರುವಾದದ್ದು ನಸುಕಿನಲ್ಲಿ. ಸೂಲಗಿತ್ತಿ ಹುಸೇನಬಿ ಒಳಗೆ ಹೋದಳು, ನಾನು ಜಗಲಿಯಲ್ಲಿ ಕೂತೆ. ನೆರೆಯ ಹೆಂಗಸರೂ ಹೋದರು. ಆದರೆ ನೆರೆಯವರಾಗಿ ಒಳಗೆ ಹೋದವರು ನೆರೆಯವರೇ. ಎರಡು ಸಮಾಧಾನದ ಮಾತು ಹೇಳಿ, ಮನೆಯ ಮೂಲೆ ಮೂಲೆ ನೋಡಿ, ಇತರರಿಗೆ ವರದಿ ಕೊಡಲು ಹೊರಗೆ ಬಂದರು. ಬಿಸಿಲು ಜಗಲಿಗೆ ಏರಿದಾಗ ಹುಸೇನಬಿ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಮುಖ ನೋಡಿಯೇ ನಾನು ಎದ್ದು ನಿಂತೆ.

“ಕೂಸು ನೆಟ್ಟಗೈತಿ ಚಂಪವ್ವ. ಬರಾಕ ತಯಾರೈತಿ. ಇಕಿನ ಕೈ ಬಿಟ್ಟಾಳ. ತಿಣುಕು ಅಂದ್ರ ತಿಣುಕವಲ್ಲಳು. ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳ.”

“ಏನಂತಾಳ?”

“ಚಂಪಕ್ಕ ಎಲ್ಲಿ ಅಂತಾಳ. ಅದೊಂದ ಮಾತು. ನೀ ಹಿಡಕೊಂಡು ಕುಂತ್ರ ಹಡಿತಾಳ. ಇಲ್ಲಾಂದ್ರ ಹೊತ್ತು ಇಳಿಯೂದರಾಗ ಎರಡೂ ಜೀವ ಹೋಗ್ತಾವ. ನಾ ಸುಳ್ಳು ಹೇಳಾಂಗಿಲ್ಲ.”

ನಾನು ಸೀರೆ ಎತ್ತಿ ಕಟ್ಟಿ ಓಡಿದೆ, ಪದ ಕಟ್ಟುವ ಅಡಿವೆಯ್ಯನವರ ಚಾವಡಿಗೆ. ಊರಿಗೆ ಹೊಸ ಸಂಬಂಧ ಹುಟ್ಟಿದಾಗಲೆಲ್ಲ ಅದಕ್ಕೆ ಪದ ಮಾಡಿಕೊಡುವುದು ಅವರ ಮನೆತನದ ಕೆಲಸ. ಪ್ರಯಾಣದಲ್ಲಿ ಪರಿಚಯವಾಗಿ ಆಮೇಲೆ ಹುಡುಕಿಕೊಂಡು ಬರುವವರಿಗೆ ‘ದಾರಿನೆಂಟ’ ಎಂಬ ಪದ ಕೊಟ್ಟವರು ಅವರೇ. ಬೇರೆಯವರ ಕೂಸಿಗೆ ಮೊಲೆ ಕೊಟ್ಟವಳು ‘ಹಾಲವ್ವ’ ಆದದ್ದು ಅವರ ಅಜ್ಜನ ಕಾಲಕ್ಕೆ. ನಡುವೆ ಸಾಲೆಯ ಮಾಸ್ತರರೊಬ್ಬರು ತಾವೂ ಪದ ಮಾಡುತ್ತೇನೆಂದು, ಹಳೆಯ ಶಿಷ್ಯನಿಗೆ ‘ಭೂತಪೂರ್ವವಿದ್ಯಾರ್ಥಿಮಹೋದಯ’ ಎಂದು ಕಟ್ಟಿಕೊಟ್ಟರು. ಆ ಶಿಷ್ಯ ಅದನ್ನು ಹೇಳಿ ಮುಗಿಸಲಾರದೆ ಬಾಗಿಲಿಂದಲೇ ವಾಪಸು ಹೋದ.

ಅಡಿವೆಯ್ಯನವರು ನನ್ನ ಮಾತು ಕೇಳಿ ಊಟದ ತಟ್ಟೆ ಬದಿಗೆ ಸರಿಸಿದರು. ನನಗೆ ಅಳುವಿಗಿಂತ ಸಿಟ್ಟು ಹೆಚ್ಚಾಗಿತ್ತು.

“ಸವತಿ ಅನ್ನೂ ಪದದಾಗ ಅಂಥಾದ್ದೇನು ವಿಷ ಐತ್ರೀ ಅಜ್ಜಾರ? ಅದರ ಬೇರಿನಾಗ ಏನೈತಿ?”

“ಬೇರಿನಾಗ ಏನೂ ಇಲ್ಲವ್ವ. ಸಂಸ್ಕೃತದಾಗ ಸಪತ್ನಿ ಅಂತಿತ್ತು. ಇನ್ನೊಬ್ಬಾಕಿ ಗಂಡನ ತನ್ನ ಗಂಡ ಆಗಿರಾಕಿ, ಅಷ್ಟ ಅರ್ಥ. ಬಾಯಿಂದ ಬಾಯಿಗೆ ಸವದು ಸವತಿ ಆತು. ಆದ್ರ ಕೇಳಿಲ್ಲಿ, ಆ ಸಪತ್ನಿಯಿಂದನ ಮುಂದ ಸಪತ್ನ ಅಂತ ಇನ್ನೊಂದು ಪದ ಹುಟ್ಟಿತು. ಅದಕ್ಕ ಅರ್ಥ ವೈರಿ. ಗಂಡಸರು ತಮ್ಮ ವೈರಕ್ಕ ಸುದ್ದಾ ಹೆಣ್ಣುಮಕ್ಕಳ ಪದಾನ ಕಡಾ ತಗೊಂಡ್ರು. ದಾಯಾದಿನೂ ಹಂಗ. ದಾಯ ಅಂದ್ರ ಪಾಲು. ಪಾಲು ತಗೊಳ್ಳಾಂವ. ಆ ಬೇರಿನಾಗ ಕೊಡಲಿ ಎಲ್ಲೈತಿ? ಬಾಗಿಲು ಬೇರು ಕೇಳಾಂಗಿಲ್ಲ ಚಂಪವ್ವ, ರೂಢಿ ಕೇಳತೈತಿ.”

“ಹಂಗಾರ ಹೊಸಾದು ಮಾಡ್ರಿ. ಲಗು ಮಾಡ್ರಿ.”

ಅವರು ಕಣ್ಣು ಮುಚ್ಚಿ ತುಟಿ ಆಡಿಸತೊಡಗಿದರು. ‘ಸಮಗಿತ್ತಿ’ ಅಂದರು, ತಾವೇ ತಲೆ ಅಲ್ಲಾಡಿಸಿದರು, ಸಾಮಾನು ತೂಗಿದ ಹಾಗಿದೆ ಎಂದು. ‘ಪಾಲಗಿತ್ತಿ’ ಅಂದರು. ನಾನೇ ಬೇಡವೆಂದೆ, ಅದರಲ್ಲಿ ನಮ್ಮಿಬ್ಬರಿಗಿಂತ ಫಕೀರಪ್ಪನೇ ಹೆಚ್ಚು ಕಾಣುತ್ತಾನೆ. ಹೊರಗೆ ಬಿಸಿಲು ಏರುತ್ತಿತ್ತು. ಅಡಿವೆಯ್ಯನವರು ಬೆರಳು ಮಡಚುತ್ತ ತಮ್ಮಷ್ಟಕ್ಕೆ ಹೇಳಿಕೊಂಡರು: ಒಡಹುಟ್ಟು, ಒಡನಾಟ, ಒಡನಾಡಿ. ಮತ್ತೆ ಇನ್ನೊಂದು ಕೈಯಲ್ಲಿ: ಸೂಲಗಿತ್ತಿ, ಓರಗಿತ್ತಿ, ಮದಲಗಿತ್ತಿ. ಕಣ್ಣು ತೆರೆದು ನನ್ನನ್ನು ನೋಡಿದರು.

“ಒಡಗಿತ್ತಿ.”

ಎಂದೂ ಕೇಳಿರದ ಪದ, ಆದರೆ ನಮ್ಮ ಜಗಲಿಯ ಮೇಲೆ ಯಾವತ್ತಿನಿಂದಲೋ ಕೂತಿದ್ದ ಪದ ಅನ್ನಿಸಿತು. ಅವರು ನೀರು ತುಂಬಿದ ಕೊಡವನ್ನು ನನ್ನ ತಲೆಯ ಮೇಲಿಡಿಸಿ, ಬೀದಿಯ ಆ ತುದಿಗೆ ಕೇಳುವಂತೆ ಕರೆ ಅಂದರು. ತಲೆಯ ಮೇಲಿನ ಹೊರೆ ತುಳುಕದಂತೆ ಕರೆಯಲು ಬರದ ಪದ ಬಾಳುವುದಿಲ್ಲ, ಅದು ಅವರ ಪರೀಕ್ಷೆ. ಕರೆದೆ. ಒಂದು ಹನಿಯೂ ಚೆಲ್ಲಲಿಲ್ಲ. ನಾನು ಕೊಡ ಇಳಿಸಿ ಹೊರಟೇಬಿಟ್ಟಿದ್ದೆ, ಅವರು ಸೆರಗು ಹಿಡಿದು ನಿಲ್ಲಿಸಿದರು.

“ಎಲ್ಲಿ ಹೊಂಟಿ? ಇದಿನ್ನೂ ಪದ ಆಗಿಲ್ಲ. ನಿಮ್ಮಿಬ್ಬರಿಗೆ ಅಷ್ಟ ಸಂದ್ರ ಅದು ಹೆಸರು. ಹೆಸರಿಗೆ ಬಾಗಿಲು ತಗಿಯಾಂಗಿಲ್ಲ, ನಿನಗ ಗೊತ್ತಿಲ್ಲೇನು? ನಿಮ್ಮಂಗ ಇರೂ ಇನ್ನೊಂದು ಜೋಡಿ ತಮ್ಮ ಬಾಗಲದಾಗ ಇದನ್ನ ಹೇಳಿ ಒಳಗ ಹೋಗಬೇಕು. ಆಗ ಪದ.”

ಊರಿನಲ್ಲಿ ಇಬ್ಬರು ಹೆಂಡಿರ ಮನೆ ಇನ್ನೊಂದೇ ಒಂದು. ಅಲ್ಲಿದ್ದವರು ತುಳಜವ್ವ ಮತ್ತು ಅಂಬಕ್ಕ. ಇಬ್ಬರೂ ಹಣ್ಣು ಮುದುಕಿಯರು, ಗಂಡ ಸತ್ತು ಯಾವ ಕಾಲವೋ ಆಗಿತ್ತು. ಒಬ್ಬರಿಗೊಬ್ಬರು ‘ಸವತಿ’ ಅಂದೇ ಹೊಸ್ತಿಲು ದಾಟುತ್ತಿದ್ದ ಆ ಮನೆಯೊಳಗಿನ ಜಗಳ ಊರಿಗೇ ಹೆಸರುವಾಸಿ. ಆದರೆ ಜಗಲಿಗೆ ಬಂದರೆ ತುಳಜವ್ವ ಅಡಿಕೆ ಕುಟ್ಟಿ ಹಲ್ಲಿಲ್ಲದ ಅಂಬಕ್ಕನ ಬಾಯಿಗೆ ಹಾಕುತ್ತಿದ್ದಳು, ಅಂಬಕ್ಕ ಅವಳ ನರೆಗೂದಲು ಬಾಚಿ ಗಂಟು ಕಟ್ಟುತ್ತಿದ್ದಳು. ಎಲ್ಲರೂ ನೋಡಿದ್ದೆವು, ಯಾರೂ ಆಡಿರಲಿಲ್ಲ. ನಾನು ಹೋದಾಗಲೂ ಇಬ್ಬರೂ ಒಂದೇ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದೆ. ಆ ಪದ ಸುಳ್ಳಾದರೆ ಏನಾಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಹೊಸದಾಗಿ ಕಟ್ಟಿದ ಪದಕ್ಕಾಗಿ ಒಮ್ಮೆ ಬಿಟ್ಟುಕೊಟ್ಟ ಹಳೆಯ ಪದ ಮತ್ತೆ ನಡೆಯುವುದಿಲ್ಲ, ಉಳಿದ ಆಯುಷ್ಯವೆಲ್ಲ ಜಗಲಿಯಲ್ಲೇ ಕಳೆಯಬೇಕು.

“ಸುಳ್ಳಾಗಾಂಗಿಲ್ಲ ಬೇ” ಅಂದೆ. “ನಿಮ್ಮನ್ನ ನೋಡಿದ್ರ ಸಾಕು, ಖರೇನ ಐತಿ ಅಂತ ಯಾರರ ಹೇಳತಾರ.”

ತುಳಜವ್ವ ಮೊರ ಕೆಳಗಿಟ್ಟಳು. “ಖರೆ ಐತಿ ಅಂತನ ಅಂಜಿಕಿ” ಅಂದಳು.

ನನಗೆ ಅರ್ಥವಾಗಲಿಲ್ಲ. ಅವಳು ಅಂಬಕ್ಕನ ಕಡೆ ನೋಡದೆ ಹೇಳಿದಳು. “ಇಕಿಗೊಂದು ಕೂಸಿತ್ತು. ನಿನಗ ಗೊತ್ತಿರಲಿಕ್ಕಿಲ್ಲ. ಜ್ವರದಾಗ ನೀರು ನೀರು ಅಂತಿತ್ತು. ಇಕಿ ಹೊಲಕ್ಕ ಹೋಗಿದ್ಲು. ತಂಬಿಗಿ ನನ್ನ ಕೈಯಾಗ ಇತ್ತು ಚಂಪವ್ವ. ಕೈ ಮುಂದ ಹೋಗಲಿಲ್ಲ. ಪದ ಹಿಡದಿತ್ತು ಅಂತ ಇಕಿನೂ ನಂಬ್ಯಾಳ, ನಾನೂ ನಂಬೇನಿ. ಹಂಗ ನಂಬಿ ಒಂದ ಮನಿಯಾಗ ಮುಪ್ಪಾದ್ವಿ. ಈಗ ನೀ ಬಂದು, ಚಾವಡಿಗೆ ಹೋಗಿ ಕೇಳಿದ್ರ ಇನ್ನೊಂದು ಪದ ಸಿಗತಿತ್ತು ಅಂತೀ. ಇವತ್ತ ಆ ಬಾಗಲಾ ತಗದ್ರ, ಆ ಕೂಸಿಗೆ ನಾ ಏನಂತ ಹೇಳಲಿ?”

ಅಂಬಕ್ಕ ಜೋಳದಲ್ಲಿ ಬೆರಳಾಡಿಸುತ್ತಲೇ ಇದ್ದಳು. ತಲೆ ಎತ್ತದೆ ಅಂದಳು: “ಹೋಗವ್ವ ಚಂಪಿ. ಇಕಿನ್ನ ಕಾಡಬ್ಯಾಡ.”

ನನಗೆ ಕಾಲು ಹಿಡಿಯಬೇಕೆನ್ನಿಸಿತು, ಬಯ್ಯಬೇಕೆನ್ನಿಸಿತು. ಎರಡನ್ನೂ ಮಾಡದೆ ಬಂದೆ. ಓಡುವಾಗ ನನ್ನ ಕಣ್ಣ ಮುಂದಿದ್ದದ್ದು ಮುಂದೆ ಹೋಗದ ಆ ಕೈ. ಸವತಿ ಅಂದು ಒಳಗೆ ಹೋದವಳ ಕೈ ಎಂಥದ್ದೆಂದು ಇಷ್ಟು ದಿನ ಬರೀ ಊಹೆಯಿತ್ತು. ಈಗ ಸಾಕ್ಷಿಯೇ ಸಿಕ್ಕಿತ್ತು.

ಸಾವಂತ್ರಿಯ ಜಗಲಿಯಲ್ಲಿ ಹುಸೇನಬಿ ನಿಂತಿದ್ದಳು. ಒಳಗಿಂದ ನರಳಾಟವೂ ಕೇಳುತ್ತಿರಲಿಲ್ಲ.

“ಪದ ಸಿಕ್ತೇನು?”

“ಇಲ್ಲ.”

“ಮತ್ತೇನು ಮಾಡ್ತಿ?”

ನಾನು ಕುಪ್ಪಸದಲ್ಲಿ ಸಿಕ್ಕಿಸಿದ್ದ ಕೌದಿ ಸೂಜಿ ತೆಗೆದು ಜಗಲಿಯಲ್ಲಿಟ್ಟೆ. ಕೈಬಳೆ ಬಿಚ್ಚಿಟ್ಟೆ. “ಹುಸೇನಬಿ, ಒಳಗ ಕುಡಗೋಲು, ಈಳಗಿ, ಒರಳಗಲ್ಲು ಏನೇನೈತಿ ಎಲ್ಲಾ ನನಗ ಸಿಗದಂಗ ಮಾಡು. ನಾ ಏನರ ಅಂದ್ರ ಕೇಳಬ್ಯಾಡ. ಕೂಸಂತೂ ನನ್ನ ಕೈಗೆ ಕೊಡಬ್ಯಾಡ. ನಾ ಕೇಳಿದ್ರೂ ಕೊಡಬ್ಯಾಡ, ಅತ್ತು ಕರದು ಬೇಡಿದ್ರೂ ಕೊಡಬ್ಯಾಡ. ನಾ ಮೀರಿದ್ರ ಒದ್ದು ಹೊರಗ ಹಾಕು.”

ಅವಳು ನನ್ನ ಮುಖವನ್ನೇ ನೋಡಿದಳು. ಒಳಗೆ ಹೋದಳು. ಪಾತ್ರೆ ಪಗಡೆ ಸರಿಸುವ ಸದ್ದು ಕೇಳಿತು. ಇವಳನ್ನು ಬದುಕಿಸಲು ಹೋಗುತ್ತಿದ್ದೇನೋ ಸಾಯಿಸಲು ಹೋಗುತ್ತಿದ್ದೇನೋ ತಿಳಿಯದೆ ಹೊಸ್ತಿಲ ಮುಂದೆ ನಿಂತು ಆ ಪದ ಹೇಳಿದೆ.

“ಸವತಿ.”

ಚಿಲಕ ಎಷ್ಟು ಸಲೀಸಾಗಿ ಸರಿಯಿತೆಂದರೆ, ಇಷ್ಟು ದಿನ ನನಗೇ ಕಾದು ಕೂತಿತ್ತೇನೋ ಅನ್ನಿಸಿತು.

ಒಳಗೆ ಕಾಲಿಟ್ಟೆ. ಮೊದಲು ಕಂಡದ್ದು ಗೋಡೆಯ ಗೂಟ, ಅವನು ಅಂಗಿ ತಗುಲಿ ಹಾಕುತ್ತಿದ್ದ ಗೂಟ. ಆಮೇಲೆ ಚಾಪೆಯ ಮೇಲೆ ಅವಳು. ನನ್ನ ಹೊಟ್ಟೆಯಿಂದ ಎದ್ದು ಬಂದದ್ದನ್ನು ಬಚ್ಚಿಡುವುದಿಲ್ಲ: ಸಾಯಲಿ, ಇಲ್ಲೇ, ನನ್ನ ಕಣ್ಣೆದುರಿಗೇ ಸಾಯಲಿ. ಇದು ಪದದ ಮಾತು, ನನ್ನದಲ್ಲ ಎಂಬ ತಿಳಿವಳಿಕೆ ಒಳಗೆ ಇರುವುದಿಲ್ಲ. ನನಗೆ ಆಗ ಅದಕ್ಕಿಂತ ನಿಜವಾದದ್ದು ಇರಲೇ ಇಲ್ಲ.

“ಏ ಮನಿಹಾಳಿ!” ಅಂದೆ. “ನನ್ನ ಗಂಡನ್ನ ನುಂಗಿ ನೀರು ಕುಡದಿ. ಈಗ ಬಿದ್ಕೊಂಡು ನಾಟಕ ಮಾಡ್ತೀ? ಅವನ್ನ ಹಿಡಕೊಳ್ಳಾಕೂ ಬರಲಿಲ್ಲ, ಅವನ ಕೂಸು ಹಡಿಯಾಕೂ ಬರಾಂಗಿಲ್ಲ ನಿನಗ. ಸಾಯಿ, ಸತ್ತು ಹೋಗು, ನಿನ್ನ ಹೆಣದ ಮ್ಯಾಗ ಹಾಕಾಕ ಹರಕು ಕೌದಿನೂ ಕೊಡಾಂಗಿಲ್ಲ ನಾನು!”

ಗೋಡೆಯ ಕಡೆಗಿದ್ದ ಮುಖ ಇತ್ತ ತಿರುಗಿತು. ಬೆಳಗಿನಿಂದ ಅರೆಗಣ್ಣಲ್ಲಿ ಬಿದ್ದಿದ್ದವಳ ಕಣ್ಣು ಕೆಂಡವಾಗಿದ್ದವು. ನಾನು ಅವಳಿಗೆ ಸವತಿಯಾದರೆ ಅವಳೂ ನನಗೆ ಅದೇ ತಾನೆ.

“ನಿನ್ನ ಮನಿಯಾಗ ನಿಲ್ಲಲಾರದ ಓಡಿ ಬಂದನಲ್ಲೇ ಬಂಜಿ!” ಅಂದಳು. “ನಿನ್ನ ಬರೇ ಹೊಟ್ಟಿ ನೋಡಿ ನೋಡಿ ಬ್ಯಾಸತ್ತು ಬಂದ!”

ನಾನು ಅವಳ ಮೇಲೆ ಬಿದ್ದೆ. ಅವಳು ಎರಡೂ ಕೈಯಿಂದ ನನ್ನ ಕೂದಲು ಹಿಡಿದು ಎದ್ದು ಕೂತಳು. ಜಗ್ಗಿದಳು. ನನ್ನ ತಲೆ ಅವಳ ಮಂಡಿಗೆ ಬಡಿಯಿತು. ಹಲ್ಲು ಕಚ್ಚಿ, ಕಾಲೂರಿ, ನನ್ನ ತಲೆಯನ್ನು ಬುಡಸಮೇತ ಕೀಳುವವಳಂತೆ ಜಗ್ಗುತ್ತ ಅವಳು ಕಿರುಚಿದಳು. ನಾನೂ ಬಯ್ಯುತ್ತಿದ್ದೆ, ಅವಳೂ ಬಯ್ಯುತ್ತಿದ್ದಳು. ನಡುವೆ ಹುಸೇನಬಿ ಕೂಗುತ್ತಿದ್ದಳು.

“ಬೈಯಿ ಚಂಪವ್ವ! ಬಿಡಬ್ಯಾಡ, ಇನ್ನಷ್ಟು ಬೈಯಿ! ತಲಿ ಬಂತು!”

ಬೈದೆ. ಅವಳ ತಾಯಿಯನ್ನು ಬೈದೆ, ಅವಳ ರೂಪವನ್ನು ಬೈದೆ. ಮುಂದೆಂದೂ ಬಾಯಿಗೆ ತರಲಾರದ್ದನ್ನೆಲ್ಲ ಅಂದೆ. ಅವಳು ಕೊನೆಯ ಬಾರಿ ಜಗ್ಗಿ ದೊಪ್ಪನೆ ಹಿಂದಕ್ಕೆ ಬಿದ್ದಳು, ನನ್ನ ಕೂದಲಿನ ಒಂದು ಹಿಡಿ ಅವಳ ಮುಷ್ಟಿಯಲ್ಲೇ ಹೋಯಿತು. ತಲೆ ಎತ್ತಿ ನೋಡಿದರೆ ಹುಸೇನಬಿಯ ಅಂಗೈಯಲ್ಲಿ ನೀಲಿಗಟ್ಟಿದ ಒಂದು ಜೀವ. ಅಳುತ್ತಿರಲಿಲ್ಲ. ನನ್ನ ಎರಡೂ ಕೈ ಅದರ ಕಡೆಗೆ ಚಾಚಿಕೊಂಡವು. ಎತ್ತಿಕೊಳ್ಳಲು ಅಲ್ಲ. ಅಷ್ಟು ಸಣ್ಣ ಮೂಗನ್ನು ಮುಚ್ಚಲು ಎರಡು ಬೆರಳು ಸಾಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಹುಸೇನಬಿ ಮಾತು ಉಳಿಸಿಕೊಂಡಳು. ಕೂಸನ್ನು ಎದೆಗೆ ಅವಚಿ ಹಿಡಿದು, ಕಾಲೆತ್ತಿ ನನ್ನ ಪಕ್ಕೆಗೆ ಒದ್ದಳು. ನಾನು ಹೊಸ್ತಿಲ ಮೇಲೆ ಮುಗ್ಗರಿಸಿ ಜಗಲಿಗೆ ಬಿದ್ದೆ. ಬಾಗಿಲು ಮುಚ್ಚಿಕೊಂಡಿತು.

ಹೊರಗಿನ ಗಾಳಿ ತಾಗಿದ ಕೂಡಲೇ ಆ ವಿಷ ಇಳಿಯಿತು. ಇಳಿದ ಮೇಲೆ ಉಳಿದದ್ದು ಭಯ. ನನ್ನ ಬೆರಳು ತಾಗಿತೇ? ತಾಗುವ ಮೊದಲೇ ಒದ್ದಳೇ? ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡೆ, ಕೈ ಏನು ಹೇಳೀತು? ಒಳಗೆ ಸದ್ದಿಲ್ಲ. ಹುಸೇನಬಿ ಬೆನ್ನು ತಟ್ಟುವ ಸದ್ದು ಮಾತ್ರ, ಪಟ್ ಪಟ್ ಎಂದು. ಬೀದಿಯಲ್ಲಿ ಜನ ನಿಂತಿದ್ದರು. ಅಡಿವೆಯ್ಯನವರೂ ಊರುಗೋಲು ಹಿಡಿದು ಬಂದು ನಿಂತಿದ್ದರು. ನಾನು ಬಾಗಿಲಿಗೆ ಕಿವಿ ಹಚ್ಚಿ ಕಾದೆ. ಕೊಂದುಬಿಟ್ಟೆ, ಅಂದುಕೊಂಡೆ.

ಆಗ ಅತ್ತಿತು. ಮೊದಲು ಕೆಮ್ಮಿದಂತೆ, ಆಮೇಲೆ ಓಣಿ ತುಂಬುವ ಹಾಗೆ.

“ಹೆಣ್ಣು!” ಎಂದು ಹುಸೇನಬಿ ಒಳಗಿಂದ ಕೂಗಿದಳು. ಆಮೇಲೆ ಸಾವಂತ್ರಿಯ ದನಿ, ಅಷ್ಟು ಸಣ್ಣಗೆ: “ಅಕ್ಕಾ… ಅಕ್ಕ ಹೊರಗದಾಳೇನು?”

ನಾನು ಅಡಿವೆಯ್ಯನವರನ್ನು ನೋಡಿದೆ. ಅವರು ತಲೆ ತಗ್ಗಿಸಿದರು. ಅವರ ಹತ್ತಿರ ಏನೂ ಇರಲಿಲ್ಲ. ನಾನು ಬಾಗಿಲ ಕಡೆ ತಿರುಗಿ, ಹಣೆಯನ್ನು ಅದಕ್ಕಿಟ್ಟು ನಿಂತೆ. ಒಳಗೆ ಕೂಸು ಅಳುತ್ತಲೇ ಇತ್ತು. ಆ ಅಳು ಕೇಳುತ್ತ ನಿಂತಾಗ ಹೊಳೆಯಿತು: ಬೆಳಗಿನಿಂದ ಈ ಮನೆಯಲ್ಲಿ ನನಗೆ ಸಂಬಂಧಪಟ್ಟವಳು ಒಬ್ಬಳೇ ಇದ್ದಳು, ಈಗ ಇಬ್ಬರಿದ್ದಾರೆ. ಅಪ್ಪನ ಮೊದಲ ಹೆಂಡತಿಯನ್ನು ಕೂಸು ಏನೆಂದು ಕರೆಯುತ್ತದೆ ಎಂಬುದಕ್ಕೆ ಯಾವ ಚಾವಡಿಗೂ ಓಡಬೇಕಿಲ್ಲ. ಬೇರು ಬಗೆದು ನೋಡಬೇಕಾದ ಪದವೂ ಅದಲ್ಲ. ಆದರೂ ಹೇಳಲು ಧೈರ್ಯ ಸಾಲಲಿಲ್ಲ. ಈಗಷ್ಟೇ ಅದರ ಉಸಿರು ಕಟ್ಟಿಸಲು ಚಾಚಿದ್ದ ಕೈ ನನ್ನದು. ಬಾಗಿಲು ಅದನ್ನು ನೋಡಿತ್ತು. ಪದ ನಿಜವಾಗಿರಬೇಕು ತಾನೆ? ತೆರೆಯದೆ ಹೋದರೆ ನಾನು ಏನೆಂಬುದು ಊರೆದುರಿಗೇ ತೀರ್ಮಾನವಾಗಿ ಹೋಗುತ್ತಿತ್ತು.

“ದೊಡ್ಡವ್ವ” ಅಂದೆ. ನನಗೇ ಸರಿಯಾಗಿ ಕೇಳಲಿಲ್ಲ.

ಚಿಲಕ ಸರಿಯಿತು.

ಒಳಗೆ ಕಾಲಿಟ್ಟಾಗ ಆ ಗೂಟ ಬರೀ ಗೂಟವಾಗಿತ್ತು. ಸಾವಂತ್ರಿ ಚಾಪೆಯ ಮೇಲೆ ಬೆವರಿ ಬಿದ್ದಿದ್ದಳು, ಎದೆಯ ಮೇಲೆ ಕೂಸು, ಇನ್ನೂ ಬಿಗಿ ಹಿಡಿದಿದ್ದ ಮುಷ್ಟಿಯಲ್ಲಿ ನನ್ನ ಕೂದಲು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ಅಂದದ್ದು ಅವಳಿಗೆ ನೆನಪಿತ್ತು, ಅವಳು ಅಂದದ್ದು ನನಗೆ. ನಾನು ಹೊಸ್ತಿಲ ಒಳಗೆ ಹಾಗೇ ನಿಂತೆ, ಹೋಗು ಅಂದರೆ ಹೋಗುವುದಕ್ಕೆ ತಯಾರಾಗಿ.

“ಬಾಗಲಾ ಹಾಕಕ್ಕ” ಅಂದಳು ಸಾವಂತ್ರಿ. “ಕೂಸಿಗೆ ಗಾಳಿ ಹತ್ತತೈತಿ.”

ನಾನು ಒಳಗಿನಿಂದ ಚಿಲಕ ಹಾಕಿದೆ.